ನೆಲ ನೂರು, ಗೋಡೆ ನಾನೂರು: ಹರದನಹಳ್ಳಿ ಮಳಿಗೆಯೊಂದರ ಸಂದರ್ಶನ

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ರಸ್ತೆಗೆ ಮುಖ ಮಾಡಿ ಕೂತ ಮಳಿಗೆ ಅದು. ಹತ್ತಡಿ ಉದ್ದ, ಹತ್ತಡಿ ಅಗಲ. ಶಟರ್ ಒಂದು, ಬೋರ್ಡು ಐದು: ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ, ಜೀವ ವಿಮೆ, ಸಿವಿಲ್ ಕಂಟ್ರಾಕ್ಟರ್, ಸೈಟು ಮಾರಾಟ, ಬಿತ್ತನೆ ಆಲೂಗೆಡ್ಡೆ. ಐದಕ್ಕೂ ಯಜಮಾನರು ಒಬ್ಬರೇ. ಅವರು ತಾಲ್ಲೂಕು ಆಫೀಸಿಗೆ ಹೋದ ಹೊತ್ತು ನೋಡಿ ಮಳಿಗೆಯನ್ನೇ ಮಾತಿಗೆಳೆದೆವು.

ನಾವು: ಇಷ್ಟು ಚಿಕ್ಕ ಜಾಗದಲ್ಲಿ ಐದು ವ್ಯವಹಾರ! ತಮಗೆ ಉಸಿರು ಕಟ್ಟುವುದಿಲ್ಲವೆ?

ಮಳಿಗೆ: ವ್ಯವಹಾರದಿಂದ ಯಾರಿಗೂ ಉಸಿರು ಕಟ್ಟಲ್ಲ ಸ್ವಾಮಿ. ಜೆರಾಕ್ಸ್ ಮಿಷನ್ನು ಮೂಲೆಯಲ್ಲಿ ಎರಡಡಿ ಕೇಳುತ್ತೆ. ವಿಮೆಗೆ ಒಂದು ರಸೀದಿ ಪುಸ್ತಕ ಸಾಕು. ಸೈಟು ಮಾರೋಕೆ ಒಂದು ನಕ್ಷೆ, ಅದನ್ನೂ ಸುತ್ತಿ ಇಡಬಹುದು. ಉಸಿರು ಕಟ್ಟಿಸಿರೋದು ಒಳಗಿನ ಸೋಫಾ. ಮೂರು ಸೀಟಿಂದು. ಅದರ ಮುಂದೊಂದು ಗಾಜಿನ ಟೀಪಾಯಿ.

ನಾವು: ಸೋಫಾ ಯಾರಿಗಾಗಿ?

ಮಳಿಗೆ: ದೊಡ್ಡವರು ಯಾರಾದ್ರೂ ಬಂದ್ರೆ ಅಂತ. ಈ ಊರಿನ ಕಾಯಿಲೆ ಅದು. ದೇವೇಗೌಡರು ಇಲ್ಲಿ ಹುಟ್ಟಿದ್ದು 1933ರಲ್ಲಿ. ಸಿವಿಲ್ ಡಿಪ್ಲೊಮಾ ಓದಿದ್ರು, ಕಂಟ್ರಾಕ್ಟರ್ ಆದ್ರು, 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ಗೆದ್ರು, 1996ರ ಜೂನ್ 1ಕ್ಕೆ ಪ್ರಧಾನಿಯಾದ್ರು. ಆವತ್ತಿಂದ ಇಲ್ಲಿ ಅಂಗಡಿ ಇಡೋರಿಗೆಲ್ಲ ತಮ್ಮ ಬಾಗಿಲಲ್ಲೂ ಒಂದು ದಿನ ದೊಡ್ಡ ಕಾರು ನಿಲ್ಲುತ್ತೆ ಅನ್ನೋ ನಂಬಿಕೆ. ನಿಂತಿದೆ, ಇಲ್ಲ ಅನ್ನಲ್ಲ. ದಾರಿ ಕೇಳ್ಕೊಂಡು ಮುಂದೆ ಹೋಗಿದ್ದಾರೆ.

ನಾವು: ಯಜಮಾನರ ಕುರ್ಚಿಯೂ ಭಾರಿಯಾಗಿದೆ.

ಮಳಿಗೆ: ತಿರುಗೋ ಕುರ್ಚಿ, ಬೆನ್ನಿಗೆ ಟರ್ಕಿ ಟವಲ್ಲು. ತಿರುಗೋಕೆ ಜಾಗ ಇಲ್ಲದೆ ಗೋಡೆಗೆ ಒರಗಿ ನಿಂತಿದೆ. ಕುರ್ಚಿ ವಿಷಯ ಈ ಊರಿಗೆ ಯಾರೂ ಹೇಳ್ಕೊಡಬೇಕಾಗಿಲ್ಲ ಬಿಡಿ. ದಿಲ್ಲಿ ಕುರ್ಚಿ 1997ರ ಏಪ್ರಿಲ್ 21ಕ್ಕೆ ಖಾಲಿಯಾಯ್ತು. ಬೆರಳು ಮಡಚಿ ಎಣಿಸಿ, ಹನ್ನೊಂದು ತಿಂಗಳೂ ತುಂಬಲಿಲ್ಲ. ನನ್ನ ಬಾಡಿಗೆ ಕರಾರಲ್ಲಾದ್ರೂ ಹನ್ನೊಂದು ಪೂರ್ತಿ ಬರೆದಿದೆ.

ನಾವು: ಹನ್ನೊಂದೇ ಏಕೆ?

ಮಳಿಗೆ: ವರ್ಷದ ಲೆಕ್ಕದಲ್ಲಿ ಬರೆದ್ರೆ 1908ರ ನೋಂದಣಿ ಕಾಯ್ದೆ ಹಿಡ್ಕೊಳ್ಳುತ್ತೆ. ಸಬ್‌ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲು ತಪ್ಪಿಸೋಕೆ ಒಂದು ತಿಂಗಳು ಕಮ್ಮಿ. ಮಜಾ ಏನಂದ್ರೆ, ಹನ್ನೊಂದು ತಿಂಗಳಿಗೆ ಬಂದೋರು ಫಾಲ್ಸ್ ಸೀಲಿಂಗ್ ಹೊಡೆಸ್ತಾರೆ. ಹತ್ತಡಿ ಎತ್ತರ ಇದ್ದೋನು ಈಗ ಎಂಟೂವರೆ. ಮೇಲಿನ ಒಂದೂವರೆ ಅಡಿಯಲ್ಲಿ ಇಲಿಗಳು ಸಂಸಾರ ಹೂಡಿವೆ. ಅದೇ ದುಡ್ಡಲ್ಲಿ ಒಂದು ಸಜ್ಜ ಹಾಕಿಸಿದ್ದಿದ್ರೆ ಹಳೇ ಫೈಲೆಲ್ಲ ಮೇಲೇರ್ತಿದ್ವು.

ನಾವು: ಹಾಗಾದರೆ ಜಾಗ ಇದೆ ಎನ್ನುತ್ತೀರಿ?

ಮಳಿಗೆ: ಲೆಕ್ಕ ಹೇಳ್ತೀನಿ, ಬರ್ಕೊಳ್ಳಿ. ನೆಲ ನೂರು ಚದರಡಿ. ಫಾಲ್ಸ್ ಸೀಲಿಂಗ್ ಮರೆತು ನಾಲ್ಕು ಗೋಡೆ ಸೇರಿಸಿದ್ರೆ ನಾನೂರು, ಶಟರ್ ಕಡೇದು ಬಿಟ್ರೂ ಮುನ್ನೂರು. ಬಾಡಿಗೆ ಮಾತಾಡೋದು ನೂರಕ್ಕೆ, ಮಿಕ್ಕಿದ್ದು ಬಿಟ್ಟಿ. ಆ ಬಿಟ್ಟಿ ಗೋಡೆ ಮೇಲೆ ಏನಿದೆ ನೋಡಿ: ಗೊಬ್ಬರದಂಗಡಿ ಕ್ಯಾಲೆಂಡರು, ಒಡವೆ ಅಂಗಡಿ ಕ್ಯಾಲೆಂಡರು, ಹೋದ ವರ್ಷದ ಸೊಸೈಟಿ ಕ್ಯಾಲೆಂಡರು. ಆಮೇಲೆ ಲೀಡರ್ ಜೊತೆ ಯಜಮಾನರ ಫೋಟೊ. ಇಬ್ಬರ ಮಧ್ಯೆ ನಿಂತಿದ್ದೋನನ್ನ ಸ್ಟುಡಿಯೋದಲ್ಲಿ ಅಳಿಸಿದ್ದಾರೆ, ಅವನ ಕೈ ಮಾತ್ರ ಇನ್ನೂ ಯಜಮಾನರ ಹೆಗಲ ಮೇಲಿದೆ. ಜಿಎಸ್‌ಟಿ ಸರ್ಟಿಫಿಕೇಟು ಎದ್ದು ಕಾಣೋ ಜಾಗದಲ್ಲಿ ಹಾಕ್ಬೇಕು ಅಂತ ನಿಯಮ. ಅದು ಬೀರುವಿನ ಹಿಂದಿದೆ.

ನಾವು: ಆ ಪ್ಲೈವುಡ್ ಗೂಡು?

ಮಳಿಗೆ: ಮೆಲ್ಲಗೆ ಹೇಳಿ, ಅದು ಕ್ಯಾಬಿನ್ನು! ಮೂರಡಿ ಬಾಗಿಲು ಒಳಕ್ಕೆ ತೆರೆದ್ರೆ ಏಳು ಚದರಡಿ ನೆಲ ನುಂಗುತ್ತೆ. ಜಾರೋ ಬಾಗಿಲು ಹಾಕೋಣ ಅಂದ ಬಡಗಿ. ‘ಅದ್ರಲ್ಲಿ ಗೌರವ ಬರಲ್ಲ ಕಣಪ್ಪ’ ಅಂದ್ರು ಯಜಮಾನರು. ಗುಟ್ಟಿನ ಮಾತಿಗೆ ಅಂತ ಕಟ್ಟಿಸಿದ್ದು. ಪ್ಲೈವುಡ್ ತೆಳು, ಜೆರಾಕ್ಸಿಗೆ ಬಂದೋರು ಸೈಟಿನ ನಿಜವಾದ ರೇಟು ತಿಳ್ಕೊಂಡು ಹೋಗ್ತಾರೆ.

ನಾವು: ಹಿಂದಿನವರು ಹೇಗೆ ಕಚೇರಿ ನಡೆಸುತ್ತಿದ್ದರು?

ಮಳಿಗೆ: ಶಾನುಭೋಗರ ಕಾಲ ಕೇಳಿ. ಜಗಲಿ ಮೇಲೊಂದು ಚಾಪೆ, ಮುಂದೆ ಇಳಿಜಾರು ಮುಚ್ಚಳದ ಮರದ ಪೆಟ್ಟಿಗೆ. ಮುಚ್ಚಳದ ಮೇಲೆ ಬರೆಯೋದು, ಒಳಗೆ ದಫ್ತರ, ಮಸಿಕುಡಿಕೆ, ದುಡ್ಡು. ಇಡೀ ಊರಿನ ಕಂದಾಯ ಆ ನಾಲ್ಕಡಿಯಲ್ಲಿ ಮುಗೀತಿತ್ತು. ಸಂಜೆ ಚಾಪೆ ಸುತ್ತಿದ್ರೆ ಕಚೇರಿ ಮಾಯ, ರಾತ್ರಿ ಅದೇ ಜಗಲಿ ಮೇಲೆ ನೆಂಟರು ಮಲಗ್ತಿದ್ರು. 1963ರಲ್ಲಿ ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆ ಎರಡೂ ಹೋದ್ವು. ಹೋಗಬೇಕಾದ್ದೇ, ಅದಕ್ಕೆ ನಾನು ಅಳಲ್ಲ. ಪೆಟ್ಟಿಗೆ ಹೋಗಿದ್ದಕ್ಕೆ ಅಳ್ತೀನಿ. ಈಗ ಪಹಣಿ ಮೊಬೈಲಲ್ಲೇ ಬರುತ್ತೆ, ಕೈಯಲ್ಲಿ ಬರೆಯೋದು ಏನೂ ಇಲ್ಲ. ಮೇಜು ಮಾತ್ರ ಆರಡಿ.

ನಾವು: ಈಗಿನವರಲ್ಲಿ ಜಾಗ ಬಳಸಬಲ್ಲವರು ಯಾರೂ ಇಲ್ಲವೆ?

ಮಳಿಗೆ: ಹಾಲಿನ ಡೇರಿ ನೋಡಿ. ಬೆಳಿಗ್ಗೆ, ಸಂಜೆ ಹಾಲು ಅಳೆಯೋ ಹೊತ್ತಿಗೆ ಬಾಗಿಲು ತೆಗೀತಾರೆ. ಕ್ಯಾನು, ಫ್ಯಾಟ್ ನೋಡೋ ಮಿಷನ್ನು, ಬರೆಯೋನಿಗೊಂದು ಸ್ಟೂಲು. ಅರ್ಧ ಊರು ಬಂದು ಹೋಗುತ್ತೆ, ಒಬ್ಬರೂ ಜಾಗ ಇಕ್ಕಟ್ಟು ಅಂದಿಲ್ಲ. ಯಾಕಂದ್ರೆ ಅಲ್ಲಿ ಯಾರಿಗೂ ಕೂರೋ ಉದ್ದೇಶ ಇಲ್ಲ.

ನನ್ನಲ್ಲೂ ಜಾಗ ಬಳಕೆಗೆ ಬರೋದೇ ಇಲ್ಲ ಅಂತಲ್ಲ. ಜಲಂಧರಿನಿಂದ ಬಿತ್ತನೆ ಆಲೂಗೆಡ್ಡೆ ಹಾಸನದ ಎಪಿಎಂಸಿಗೆ ಬರೋ ಮೇ ತಿಂಗಳಲ್ಲಿ ಮೂಟೆಗಳು ಸೋಫಾ ಮೇಲೂ ಏರ್ತವೆ. ವರ್ಷದಲ್ಲಿ ಅದು ದುಡಿಯೋದು ಆಗಲೇ. ಇನ್ನು ಚುನಾವಣೆ ಬಂದ್ರೆ ನಾನೇ ಪಕ್ಷದ ಕಚೇರಿ. ಯಾವ ಪಕ್ಷ ಅಂತ ಕೇಳಬೇಡಿ, ಬಾಡಿಗೆ ಮುಂಗಡ ಕೊಟ್ಟೋರದು. ಬ್ಯಾನರು, ಬಾವುಟ, ಊಟದ ಪೊಟ್ಟಣ, ಜೊತೆಗೆ ನಲವತ್ತು ಜನ. ಎಲ್ಲ ಹಿಡಿಸುತ್ತೆ. ಮತ ಎಣಿಕೆ ಮುಗಿದ ಮಾರನೇ ದಿನ ಯಜಮಾನರದು ಮತ್ತೆ ಹಳೇ ರಾಗ: ‘ಜಾಗ ಸಾಲ್ತಿಲ್ಲ.’

ನಾವು: ಅವರ ಮುಂದಿನ ಯೋಜನೆ?

ಮಳಿಗೆ: ಹೊಳೆನರಸೀಪುರ ಪೇಟೆಯಲ್ಲಿ ಇಪ್ಪತ್ತಡಿ ಮಳಿಗೆ ನೋಡಿದ್ದಾರಂತೆ. ‘ಎರಡು ಸೋಫಾ ಆರಾಮಾಗಿ ಹಿಡಿಸುತ್ತೆ’ ಅಂತ ಫೋನಲ್ಲಿ ಹೇಳ್ತಿದ್ರು.

ನಾವು: ಓದುಗರಿಗೆ ಏನಾದರೂ ಹೇಳುವುದಿದೆಯೆ?

ಮಳಿಗೆ: ಇದೆ. ಯಾರಿಗಾದ್ರೂ ಮೂರು ಸೀಟಿನ ಸೋಫಾ ಬೇಕಿದ್ರೆ ಬನ್ನಿ, ಒಂದು ಪೈಸೆ ಬೇಡ. ಹೊರಗೆ ತೆಗೆಯೋ ಜವಾಬ್ದಾರಿ ಮಾತ್ರ ನಿಮ್ಮದು. ಅದನ್ನ ಒಳಗೆ ಇಟ್ಟ ಮೇಲೆ ಕ್ಯಾಬಿನ್ ಕಟ್ಟಿದ್ದು.