ಅಳಿಯಂದಿರ ಗಾಡಿಗೆ ಒಡವೆ ಬಂತು, ಗ್ರೀಸು ಬರಲಿಲ್ಲ

ಚಿರಂಜೀವಿ ಅಳಿಯಂದಿರಿಗೆ, ಸಕಲೇಶಪುರದ ಕಡೆಯಿಂದ ನಿಮ್ಮ ಮಾವ ಮಾಡುವ ಆಶೀರ್ವಾದಗಳು.

ಉಭಯಕುಶಲೋಪರಿ ಸಾಂಪ್ರತ ಎಂದು ವಾಡಿಕೆಯಂತೆ ಶುರು ಮಾಡೋಣವೆಂದರೆ, ನಮ್ಮ ನಿಮ್ಮ ನಡುವಿನ ಮೂರನೆಯವರಿಗೆ ಕುಶಲವಿಲ್ಲ. ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ ಜಾಕಿಯ ಮೇಲೆ ಕೂತು ಹದಿನೈದು ದಿನವಾಯಿತು. ಮೈಮೇಲೆ ಒಡವೆಗೇನೂ ಕೊರತೆಯಿಲ್ಲ. ಹಣೆಗೆ ದೀಪದ ಪಟ್ಟಿ, ಕಿವಿಗೆ ಸ್ಪೀಕರು, ಸೊಂಟಕ್ಕೆ ವಿಂಚು, ಕಾಲಿಗೆ ಹೊಸ ಟೈರು. ಒಳಗೆ ಮಾತ್ರ ಉಸಿರಿಲ್ಲ.

ಈ ವಿಷಯವನ್ನು ಮನೆಯೊಳಗೇ ಹೇಳಬಹುದಿತ್ತು. ಹೇಳಿದರೆ ಮಗಳು ಮುನಿಸಿಕೊಳ್ಳುತ್ತಾಳೆ, ಹೇಳದಿದ್ದರೆ ಗೇರ್‌ಬಾಕ್ಸು ಮುನಿಸಿಕೊಳ್ಳುತ್ತದೆ. ಮಾವನಾದವನು ಅಳಿಯನನ್ನು ಎದುರು ಕೂರಿಸಿಕೊಂಡು ಬುದ್ಧಿ ಹೇಳಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಪತ್ರಿಕೆಯಲ್ಲಿ ಹೇಳಬಾರದು ಅಂತ ಯಾವ ಹಿರಿಯರೂ ಹೇಳಿ ಹೋಗಿಲ್ಲ.

ಓದುವವರಿಗೆ ಈ ಗಾಡಿಯ ಪರಿಚಯ ಇರಲಾರದು. ಸೈಡ್-ಬೈ-ಸೈಡ್ ಅನ್ನುತ್ತಾರೆ. ಇಬ್ಬರು ಅಕ್ಕಪಕ್ಕ ಕೂರುವ ಸೀಟು, ಕಾರಿನ ಹಾಗೆ ಸ್ಟೀರಿಂಗು, ತಲೆಯ ಮೇಲೆ ಕಬ್ಬಿಣದ ಪಂಜರ, ಹಿಂದೆ ಎತ್ತಿ ಸುರಿಯುವಂಥ ಪುಟ್ಟ ತೊಟ್ಟಿ. ಜೀಪಿಗಿಂತ ಹಗುರ, ಜೀಪು ತಿರುಗದ ಕಡೆ ತಿರುಗುತ್ತದೆ. ಅಮೆರಿಕದಲ್ಲಿ ರೈತರು ಬೇಲಿಗೂಟ, ಮೇವು ಸಾಗಿಸಲು ಇಟ್ಟುಕೊಳ್ಳುವ ಗಾಡಿ. ಈ ವಂಶದ ಹಿರೀಕರಲ್ಲಿ ಒಂದನ್ನು ಕವಾಸಾಕಿ ಕಂಪನಿ 1988ರಲ್ಲಿ ಹೊರತಂದಾಗ ಇಟ್ಟ ಹೆಸರು ಮ್ಯೂಲ್. ಅಂದರೆ ಹೇಸರಗತ್ತೆ. ಎಷ್ಟು ಪ್ರಾಮಾಣಿಕ ಹೆಸರು! ನೀವು ಆ ಹೇಸರಗತ್ತೆಗೆ ಮದುಮಗನ ಕುದುರೆಯ ಅಲಂಕಾರ ಮಾಡಿಸಿದ್ದೀರಿ. ತಪ್ಪೆಂದು ಹೇಳುತ್ತಿಲ್ಲ. ದಿಬ್ಬಣ ಎಲ್ಲಿಗೆ ಹೊರಟಿದೆ ಅಂತ ಕೇಳುತ್ತಿದ್ದೇನೆ ಅಷ್ಟೆ.

ಮೊದಲು ಬಂದದ್ದು ದೀಪದ ಪಟ್ಟಿ. ಬಿಲ್ಲು ಅಕಸ್ಮಾತ್ತಾಗಿ ನನ್ನ ಕಣ್ಣಿಗೆ ಬಿತ್ತು. ಒಂದು ಮೂಟೆ ಅರೇಬಿಕಾ ಪಾರ್ಚ್‌ಮೆಂಟಿನ ದುಡ್ಡು. ಬೆಳಕು ಅಂದರೆ ಬೆಳಕು, ಸುಳ್ಳು ಹೇಳಬಾರದು. ಜುಲೈ ತಿಂಗಳ ಸಂಜೆ ಮಂಜು ಇಳಿದಾಗ ಅದನ್ನು ಹಾಕಿದಿರಿ ನೋಡಿ, ಎದುರಿಗೆ ಹಾಲಿನ ಗೋಡೆ ಎದ್ದು ನಿಂತಿತು. ಮಂಜಿನ ಹನಿಗೆ ಬಿದ್ದ ಬಿಳಿ ಬೆಳಕು ತಿರುಗಿ ನಮ್ಮ ಕಣ್ಣಿಗೇ ಬಡಿಯುತ್ತದೆ. ಬೆಳಕು ಹೆಚ್ಚಿದಷ್ಟೂ ಗೋಡೆ ದಪ್ಪ. ಮಂಜಿನಲ್ಲಿ ಬೇಕಾದ್ದು ಬಂಪರಿನ ಕೆಳಗೆ, ನೆಲಕ್ಕೆ ಬಗ್ಗಿ ನೋಡುವ ಸಣ್ಣ ದೀಪ. ಅವತ್ತು ಕೊನೆಗೆ ನಿಮ್ಮನ್ನು ಮನೆ ಮುಟ್ಟಿಸಿದ್ದು ಡ್ರೈವರಿನ ಟಾರ್ಚು. ಅದನ್ನು ಹಿಡಿದು ಅವನು ಮುಂದೆ ನಡೆದುಕೊಂಡು ಹೋದ.

ಸ್ಪೀಕರಿನ ವಿಷಯ ಬೇಗ ಮುಗಿಸುತ್ತೇನೆ. ನಮ್ಮದು ಆನೆ ತಿರುಗುವ ಸೀಮೆ. ಇಲ್ಲಿ ತೋಟದೊಳಗೆ ಹೋಗುವವನಿಗೆ ಬೇಕಾದ್ದು ಕಿವಿ. ಕೊಂಬೆ ಮುರಿದ ಸದ್ದು, ಗಂಟಲಿನ ಗುಡುಗುಡು, ಬೈನೆ ಮರ ಸೀಳಿದ ಸದ್ದು, ಇವನ್ನು ಕೇಳಿಸಿಕೊಂಡವನು ಬದುಕಿ ಬರುತ್ತಾನೆ. ನೀವು ಹಾಡು ಹಾಕಿಕೊಂಡು ಹೊರಟರೆ ಆನೆಗೆ ನೀವು ಬರುವುದು ಗೊತ್ತಾಗುತ್ತದೆ, ನಿಮಗೆ ಆನೆ ಇರುವುದು ಗೊತ್ತಾಗುವುದಿಲ್ಲ. ವ್ಯವಹಾರದಲ್ಲಿ ಇಂಥದ್ದಕ್ಕೆ ನಷ್ಟ ಎನ್ನುತ್ತಾರೆ.

ಈ ದೀಪ, ಈ ಹಾಡು ಎಲ್ಲಕ್ಕೂ ಅನ್ನ ಹಾಕುವುದು ಒಂದೇ ಬ್ಯಾಟರಿ. ಎಂಜಿನ್ ಹುಟ್ಟಿಸುವ ಕರೆಂಟಿಗೆ ಮಿತಿ ಉಂಟು. ನಿಧಾನಕ್ಕೆ ಓಡುವಾಗ ಅದು ಇನ್ನೂ ಕಡಿಮೆ, ತೋಟದಲ್ಲಿ ನಾವು ಓಡಿಸುವುದೋ ಬರೀ ನಿಧಾನ. ವಿಂಚೊಂದು ಭಾರ ಎಳೆಯಲು ನಿಂತರೆ ನೂರಕ್ಕೂ ಹೆಚ್ಚು ಆಂಪಿಯರ್ ಕೇಳುತ್ತದೆ. ಒಂದು ದಿನ ಗಾಡಿ ಹಳ್ಳದ ಕೆಸರಿನಲ್ಲಿ ಹೂತಾಗ ಎಂಜಿನ್ ಆರಿಸಿ, ಹಾಡು ಹಾಕಿ, ದೀಪ ಬೆಳಗಿಸಿ, ವೀಡಿಯೊ ತೆಗೆದು, ಆಮೇಲೆ ವಿಂಚಿನ ಗುಂಡಿ ಒತ್ತಿದಿರಿ. ಬ್ಯಾಟರಿ ಒಂದು ಸಲ ಕೆಮ್ಮಿ ಸುಮ್ಮನಾಯಿತು. ವೀಡಿಯೊ ಚೆನ್ನಾಗಿ ಬಂದಿದೆ ಎಂದು ನಿಮ್ಮ ಅತ್ತೆ ಹೇಳಿದರು.

ವಿಂಚಿನ ಬಗ್ಗೆ ಮಾತ್ರ ನನಗೆ ಗೌರವವಿದೆ. ತಂದ ಒಡವೆಗಳಲ್ಲಿ ದುಡಿಯುವುದು ಅದೊಂದೇ. ಆದರೆ ಕೆಲಸ ಕಲಿಸದೆ ಕೆಲಸದವನನ್ನು ಕರೆತಂದ ಹಾಗಾಯಿತು. ವಿಂಚಿನ ಮೇಲೆ ಬರೆದಿರುವ ಶಕ್ತಿ ಡ್ರಮ್ಮಿನ ಮೇಲೆ ಹಗ್ಗ ಒಂದೇ ಪದರದಲ್ಲಿ ಇದ್ದಾಗಿನದು. ಪದರದ ಮೇಲೆ ಪದರ ಏರಿದಂತೆ ಎಳೆಯುವ ಬಲ ಇಳಿಯುತ್ತದೆ. ಹತ್ತಿರದ ಮರಕ್ಕೆ ಕಟ್ಟುವ ಬದಲು ದೂರದ ಮರಕ್ಕೆ ಕಟ್ಟಿದ್ದರೆ ಹಗ್ಗ ಹೆಚ್ಚು ಬಿಚ್ಚುತ್ತಿತ್ತು, ಎಳೆಯುವ ಬಲವೂ ಹೆಚ್ಚುತ್ತಿತ್ತು. ಒಂದು ರಾಟೆ ಹಾಕಿ ಹಗ್ಗವನ್ನು ಮಡಚಿದ್ದರೆ ಬಲ ಹೆಚ್ಚುಕಡಿಮೆ ಇಮ್ಮಡಿ. ರಾಟೆಯ ಗುಟ್ಟು ನಮ್ಮಲ್ಲಿ ಮರ ಎಳೆಯುವ ಹುಡುಗರಿಗೆಲ್ಲ ಗೊತ್ತು. ಕೇಳಿದ್ದರೆ ಹೇಳುತ್ತಿದ್ದರು.

ನೀವು ತಂತಿಹಗ್ಗವನ್ನು ನೇರ ಸಿಲ್ವರ್ ಓಕಿಗೆ ಸುತ್ತಿದಿರಿ. ಅಗಲವಾದ ಪಟ್ಟಿ ಸುತ್ತಿ ಅದಕ್ಕೆ ಕೊಕ್ಕೆ ಹಾಕಬೇಕು. ಬರೀ ತಂತಿ ಎಳೆದರೆ ತೊಗಟೆಯನ್ನು ಬಳೆಯ ಹಾಗೆ ಕೊಯ್ದುಬಿಡುತ್ತದೆ. ಮರದ ಮಾತು ಬಿಡಿ, ಅದು ಹೇಗೋ ಸುಧಾರಿಸಿಕೊಳ್ಳುತ್ತದೆ. ಆ ಮರಕ್ಕೆ ನನ್ನ ಅಪ್ಪ ಹಬ್ಬಿಸಿದ ಮೆಣಸಿನ ಬಳ್ಳಿಯಿತ್ತು. ಬುಡದಿಂದ ಎರಡಡಿ ಮೇಲೆ ಕತ್ತರಿಸಿ ಹೋಯಿತು. ಹತ್ತು ದಿನ ಹಸಿರಾಗಿಯೇ ಇತ್ತು, ಹನ್ನೊಂದನೇ ದಿನ ಎಲೆ ಬಾಡಿತು. ಗಾಡಿಯನ್ನು ಹೊರಗೆಳೆದದ್ದು ಪಕ್ಕದ ತೋಟದವರ ಟ್ರ್ಯಾಕ್ಟರು. ಅವರಿಗೆ ಒಂದು ಗೊನೆ ಪುಟ್ಟಬಾಳೆ ಕಳಿಸಿದ್ದೇನೆ, ಆ ಲೆಕ್ಕ ನಮ್ಮಿಬ್ಬರಲ್ಲಿ ಬೇಡ.

ಟೈರಿನದು ಇನ್ನೊಂದು ಕಥೆ. ದೊಡ್ಡ ಟೈರು ಹಾಕಿದರೆ ಗಾಡಿ ಎತ್ತರವಾಗಿ ಕಾಣುತ್ತದೆ, ಒಪ್ಪಿದೆ. ಆ ಎತ್ತರದ ಬಾಡಿಗೆಯನ್ನು ಬೆಲ್ಟು ಮತ್ತು ಆಕ್ಸಲ್ಲು ಕಟ್ಟಬೇಕು. ಮೇಲೆತ್ತುವ ಕಿಟ್ಟನ್ನೂ ಹಾಕಿಸಿದಿರಿ. ಈಗ ಆಕ್ಸಲ್ಲಿನ ಕೀಲುಗಳು ಸದಾ ಸೊಟ್ಟಗೆ ನಿಂತು ತಿರುಗುತ್ತವೆ. ಕೀಲಿನ ಮೇಲಿನ ರಬ್ಬರ್ ಬೂಟು ಉಜ್ಜಿ ಉಜ್ಜಿ ಒಂದು ಕಡೆ ಸೀಳಿದೆ. ಬೂಟು ಸೀಳಿದರೆ ಒಳಗಿನ ಗ್ರೀಸು ಹೊರಗೆ, ಹೊರಗಿನ ಕೆಸರು ಒಳಗೆ. ಆಮೇಲೆ ತಿರುವಿನಲ್ಲಿ ಕಟಕಟ. ಬೂಟು ಅಗ್ಗ, ಆಕ್ಸಲ್ಲು ದುಬಾರಿ, ನಡುವೆ ಇರುವುದು ವಾರಕ್ಕೊಮ್ಮೆ ಬಗ್ಗಿ ನೋಡುವ ಸೊಂಟ ಮಾತ್ರ. ಇನ್ನು ಆ ಟೈರಿನ ಹಲ್ಲುಗಳು ಮಳೆಗಾಲದಲ್ಲಿ ತೋಟದ ರಸ್ತೆಯನ್ನು ಉತ್ತು ಹಾಕಿವೆ. ಶುಂಠಿ ಹಾಕೋಣವೇ ಅಂತ ತೋಟದ ಲೆಕ್ಕ ನೋಡುವ ರೈಟರು ಕೇಳಿದರು. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಈ ಗಾಡಿಯ ಪ್ರಾಣ ಎರಡು ಕಡೆ ಇದೆ, ಎರಡೂ ಫೋಟೊದಲ್ಲಿ ಕಾಣುವುದಿಲ್ಲ.

ಒಂದು ಏರ್ ಫಿಲ್ಟರು. ಫೆಬ್ರವರಿಯಲ್ಲಿ ನಮ್ಮ ಮಣ್ಣುರಸ್ತೆಯ ಕೆಂಪು ಧೂಳು ಹೇಗಿರುತ್ತದೆಂದು ನಿಮ್ಮ ಬಿಳಿ ಅಂಗಿಗೆ ಗೊತ್ತು. ಅದನ್ನೇ ಎಂಜಿನ್ನು ದಿನವಿಡೀ ಉಸಿರಾಡುತ್ತದೆ. ಕೊಯ್ಲಿನ ಕಾಲದಲ್ಲಿ ವಾರಕ್ಕೆ ಒಂದೆರಡು ಸಲವಾದರೂ ಪೆಟ್ಟಿಗೆ ತೆರೆದು ನೋಡಬೇಕು, ಕಟ್ಟಿದ್ದರೆ ಬದಲಿಸಬೇಕು. ನೀವು ಮುಂದೆ ಪೂರ್ತಿ ಗಾಜು ಹಾಕಿಸಿದಿರಿ, ಧೂಳು ಬರಬಾರದೆಂದು. ಹಿಂದೆ ತೆರೆದೇ ಇತ್ತು. ಮುಂದೆ ಮುಚ್ಚಿ ಹಿಂದೆ ಬಿಟ್ಟರೆ ಗಾಡಿ ಓಡುವಾಗ ಒಳಗೆ ಗಾಳಿಯ ಒತ್ತಡ ಇಳಿದು, ಚಕ್ರ ಎಬ್ಬಿಸಿದ ಧೂಳನ್ನೆಲ್ಲ ಹಿಂದಿನಿಂದ ಎಳೆದುಕೊಳ್ಳುತ್ತದೆ. ಆ ದಿನ ನೀವಿಬ್ಬರೂ ಇಳಿದಾಗ ಮಗಳ ಗುರುತು ಸಿಕ್ಕಿದ್ದು ಅವಳ ದನಿಯಿಂದ. ನಿಮ್ಮ ಗುರುತು ಅವಳು ಬೈದದ್ದರಿಂದ.

ಇನ್ನೊಂದು ಬೆಲ್ಟು. ಸ್ಕೂಟರಿನಲ್ಲಿ ಇರುವಂಥದ್ದೇ ವ್ಯವಸ್ಥೆ, ಎರಡು ರಾಟೆಗಳ ನಡುವೆ ರಬ್ಬರ್ ಪಟ್ಟಿ. ಗೇರು ಬದಲಿಸುವ ತಾಪತ್ರಯವಿಲ್ಲ. ಅದಕ್ಕೇ ಅದರ ಕಷ್ಟ ಕೂತವನಿಗೆ ತಿಳಿಯುವುದಿಲ್ಲ. ಭಾರ ಹೇರಿ ಏರು ಹತ್ತುವಾಗ, ನಿಧಾನವಾಗಿ ಎಳೆಯುವಾಗ ಲಿವರನ್ನು ‘ಲೋ’ಗೆ ಹಾಕಬೇಕು. ‘ಹೈ’ನಲ್ಲಿ ಹತ್ತಿಸಿದರೆ ಪಟ್ಟಿ ಜಾರುತ್ತದೆ, ಕಾಯುತ್ತದೆ, ಸುಡುತ್ತದೆ. ನೀವು ಆರು ಮೂಟೆ ಗೊಬ್ಬರ ಹೇರಿಸಿ, ಮೇಲಿನ ಪಟ್ಟೆಗೆ ‘ಹೈ’ನಲ್ಲಿ ಹೊಡೆದಿರಿ. ಪಕ್ಕದಲ್ಲಿದ್ದ ಡ್ರೈವರು ಎರಡು ಸಲ ‘ಸಾರ್, ಬೆಲ್ಟ್ ವಾಸ್ನೆ’ ಅಂದನಂತೆ. ಅದು ಆಫ್‌ರೋಡಿನ ವಾಸನೆ ಎಂದು ನೀವು ಹೇಳಿದಿರಂತೆ. ಆ ಮಾತು ಈಗ ಕೆಲಸದವರ ಲೈನ್ ಮನೆಗಳಲ್ಲಿ ಗಾದೆಯಾಗಿದೆ. ಅನ್ನ ಸೀದರೂ ಆಫ್‌ರೋಡ್ ಎನ್ನುತ್ತಾರೆ.

ಹಳ್ಳ ದಾಟಿ ಬೆಲ್ಟಿನ ಪೆಟ್ಟಿಗೆಗೆ ನೀರು ಹೊಕ್ಕರೂ ಹೀಗೇ ಜಾರುತ್ತದೆ. ಆಗ ಕೆಳಗಿನ ಬಿರಡೆ ತೆಗೆದು ನೀರು ಬಸಿದು, ನ್ಯೂಟ್ರಲಿನಲ್ಲಿ ಎಂಜಿನ್ ಓಡಿಸಿ ಒಣಗಿಸಬೇಕು. ಕೈಪಿಡಿಯಲ್ಲಿ ಇದೆಲ್ಲ ಇದೆ. ಅದರ ಪ್ಲಾಸ್ಟಿಕ್ ಲಕೋಟೆ ಇನ್ನೂ ಹರಿದಿರಲಿಲ್ಲ, ನಾನೇ ಹರಿದು ಓದಿದೆ. ಕ್ಷಮಿಸಬೇಕು.

ಕೈಪಿಡಿ ಓದಿದ ಮೇಲೆ ಗಾಡಿಯ ಕೆಳಗೆ ಚಾಪೆ ಹಾಕಿ ಮಲಗಿ ಗ್ರೀಸ್ ನಿಪ್ಪಲ್ ಹುಡುಕಿದೆ. ಒಂದೊಂದರ ಮೇಲೂ ಮಣ್ಣಿನ ಟೊಪ್ಪಿ. ಕಂಪನಿಯಲ್ಲಿ ಹಾಕಿದ ಗ್ರೀಸಿನ ಮೇಲೆ ಇಷ್ಟು ದಿನ ಓಡಿದೆ ಪಾಪ. ರೇಡಿಯೇಟರಿನ ಸಂದಿಗಳಲ್ಲಿ ಕೆಸರು ಇಟ್ಟಿಗೆಯಾಗಿತ್ತು. ನೀವು ಪ್ರೆಶರ್ ಪಂಪಿನಿಂದ ಎದುರಿನಿಂದಲೇ ಹೊಡೆದು ಅದನ್ನು ಇನ್ನೂ ಒಳಕ್ಕೆ ದೂಡಿದ್ದೀರಿ. ಹಿಂದಿನಿಂದ ಮುಂದಕ್ಕೆ, ಮೆತ್ತಗೆ ನೀರು ಬಿಡಬೇಕು. ಮಗುವಿನ ಕಿವಿ ತೊಳೆದ ಹಾಗೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ… ಬೇಡ, ಅಳಿಯಂದಿರ ಮುಂದೆ ಆ ಗಾದೆಯನ್ನು ಪೂರ್ತಿ ಹೇಳಬಾರದು.

ನಮ್ಮ ಡ್ರೈವರನ್ನು ಒಮ್ಮೆ ಕೇಳಿದೆ, ಈ ಗಾಡಿಗೆ ಏನು ಹಾಕಿಸಿದರೆ ನಿನಗೆ ಅನುಕೂಲ ಅಂತ. ಒಂದು ನಿಮಿಷ ಯೋಚಿಸಿ ಹೇಳಿದ: ತೊಟ್ಟಿಗೆ ಒಂದು ದಪ್ಪ ರಬ್ಬರ್ ಹಾಸು, ಡ್ರಮ್ಮು ಕಟ್ಟಲು ನಾಲ್ಕು ಕೊಂಡಿ. ಅಷ್ಟೇ. ಬೋರ್ಡೋ ದ್ರಾವಣ ಸಿಂಪಡಿಸುವ ಕಾಲದಲ್ಲಿ ಇನ್ನೂರು ಲೀಟರಿನ ಡ್ರಮ್ಮು ತೊಟ್ಟಿಯಲ್ಲಿ ಕೂರುತ್ತದೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸುಣ್ಣ ಸಾಲದೆ ಹೋದರೆ ಅದ್ದಿದ ಕತ್ತಿಯ ಅಲಗಿಗೆ ತಾಮ್ರದ ಬಣ್ಣ ಹತ್ತುತ್ತದೆ, ನಾವು ಹದ ನೋಡುವುದೇ ಹಾಗೆ. ಚೆಲ್ಲಿದ ಮೈಲುತುತ್ತದ ನೀರು ತೊಟ್ಟಿಯ ಬೋಲ್ಟುಗಳಿಗೂ ಅದನ್ನೇ ಮಾಡಿದೆ. ಹಾಸು ಇದ್ದಿದ್ದರೆ, ಸಂಜೆ ಒಂದು ಬಕೆಟ್ ನೀರು ಸುರಿದಿದ್ದರೆ ಉಳಿಯುತ್ತಿತ್ತು. ಕೊಂಡಿಯ ಮಾತು ಇನ್ನೂ ಗಂಭೀರ. ಅರ್ಧ ತುಂಬಿದ ಡ್ರಮ್ಮು ತುಂಬಿದ್ದಕ್ಕಿಂತ ಕೆಟ್ಟದ್ದು. ಇಳಿಜಾರಿನ ತಿರುವಿನಲ್ಲಿ ಒಳಗಿನ ನೀರು ಒಂದೇ ಕಡೆ ನುಗ್ಗಿ ಗಾಡಿಯನ್ನು ಮಗುಚಬಲ್ಲದು. ನೀವು ಫೋಟೊಗೆ ಅಡ್ಡ ಬರುತ್ತದೆಂದು ಬಿಚ್ಚಿಸಿದ ಪಕ್ಕದ ಬಲೆ ಇರುವುದು ಆ ಗಳಿಗೆಗೆ. ಗಾಡಿ ವಾಲಿದಾಗ ಮನುಷ್ಯ ಕೈಕಾಲು ಹೊರಗೆ ಚಾಚುತ್ತಾನೆ, ಪಂಜರ ಅದರ ಮೇಲೇ ಬೀಳುತ್ತದೆ. ಬಲೆಯನ್ನೂ ಸೀಟ್ ಬೆಲ್ಟನ್ನೂ ನಾನು ತಿರುಗಿ ಕಟ್ಟಿಸಿದ್ದೇನೆ. ಇದರಲ್ಲಿ ವ್ಯಂಗ್ಯವಿಲ್ಲ.

ಗಾಡಿಗೆ ನಂಬರ್ ಪ್ಲೇಟಿಲ್ಲ ಎಂಬುದನ್ನೂ ನೆನಪಿಸಬೇಕು. ಮೋಟಾರು ವಾಹನ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ನೋಂದಣಿಯಿಲ್ಲದೆ ಸಾರ್ವಜನಿಕ ರಸ್ತೆಗೆ ಇಳಿಯುವಂತಿಲ್ಲ. ನಮ್ಮ ತೋಟವನ್ನು ಎರಡು ಮಾಡಿ ಹೋಗಿರುವುದು ಪಂಚಾಯ್ತಿ ರಸ್ತೆ. ಹಾಗಾಗಿ ಬೆಟ್ಟ ಹತ್ತಬಲ್ಲ, ಹಳ್ಳ ದಾಟಬಲ್ಲ, ಕೆಸರು ಸೀಳಬಲ್ಲ ಈ ಮಹಾವೀರನಿಗೆ ಹದಿನೆಂಟು ಅಡಿ ಡಾಂಬರು ದಾಟಲು ಹಕ್ಕಿಲ್ಲ. ಆಚೆ ಬದಿಯ ರೊಬಸ್ಟಾ ಹಣ್ಣು ಇನ್ನೂ ಹಳೇ ಜೀಪಿನಲ್ಲೇ ಬರುತ್ತದೆ.

ಹಳೇ ಜೀಪಿನ ಹೆಸರು ಬಂತು, ಹಾಗಾಗಿ ನನ್ನದೂ ಒಂದು ತಪ್ಪೊಪ್ಪಿಗೆ. ನಿಮ್ಮ ವಯಸ್ಸಿನಲ್ಲಿ ಅದಕ್ಕೆ ಕೆಂಪು ವೆಲ್ವೆಟ್ ಸೀಟು, ಮೂರು ದನಿಯ ಹಾರನ್ನು, ಎದುರಿಗೆ ಎಮ್ಮೆಯ ಕೊಂಬಿನಂಥ ಕಬ್ಬಿಣದ ಗಾರ್ಡು ಹಾಕಿಸಿದವನು ನಾನೇ. ಅದೇ ವರ್ಷ ಎಣ್ಣೆ ನೋಡದೆ ಎಂಜಿನ್ ಕಚ್ಚಿಸಿದವನೂ ನಾನೇ. ನಿಮ್ಮ ಅತ್ತೆಯ ತಂದೆ ಆಗ ಏನೂ ಅನ್ನಲಿಲ್ಲ. ಒಂದು ಗ್ರೀಸ್ ಗನ್ನು ತಂದು ಜಗಲಿಯ ಮೇಲೆ ಇಟ್ಟು, ಕಾಫಿ ಕುಡಿದು ಹೋದರು. ಅಂಥ ಗಾರ್ಡುಗಳು ಕಾನೂನುಬಾಹಿರವೆಂದು ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆದ ಮೇಲೆ ಅದನ್ನು ಬಿಚ್ಚಿಸಿದೆ. ಈಗ ಅದರ ಮೇಲೆ ಹಾಗಲಬಳ್ಳಿ ಹಬ್ಬಿದೆ, ಕಾಯಿ ಚೆನ್ನಾಗಿ ಬಿಡುತ್ತದೆ.

ಮುಂದಿನ ಶನಿವಾರ ಬರುತ್ತೇವೆಂದು ಮಗಳು ಹೇಳಿದಳು. ಸಂತೋಷ. ಕಡುಬು ಮಾಡಿಸುತ್ತೇನೆ. ಬರುವಾಗ ಒಂದು ಬೆಲ್ಟು, ಎರಡು ಏರ್ ಫಿಲ್ಟರು, ಎಡ ಮುಂದಿನ ಆಕ್ಸಲ್ಲಿನ ಬೂಟು ತನ್ನಿ. ಗಾಡಿಯ ಮೂಲ ಟೈರುಗಳು ನಿಮ್ಮ ಬೆಂಗಳೂರಿನ ಮನೆಯ ಬಾಲ್ಕನಿಯಲ್ಲಿ ಇವೆಯಂತೆ, ಅವನ್ನೂ ಹಾಕಿಕೊಂಡು ಬನ್ನಿ. ಹೊಸ ಸ್ಪೀಕರು ತರುವ ಯೋಚನೆ ಇದೆ ಎಂದು ಕೇಳಿದೆ. ಡಿಕ್ಕಿಯಲ್ಲಿ ಜಾಗ ಸಾಲದೆ ಹೋದರೆ ಯಾವುದನ್ನು ಬಿಟ್ಟು ಬರಬೇಕೆಂದು ನಾನು ಹೇಳಬೇಕಾಗಿಲ್ಲ.

ಗ್ರೀಸ್ ಗನ್ನು ತರಬೇಡಿ. ಜಗಲಿಯ ಮೇಲೆ ಇಟ್ಟಿದ್ದೇನೆ.

ಇತಿ ನಿಮ್ಮ ಮಾವ