ಟೋಪಿ ಹಾಕಿಸಿಕೊಳ್ಳಲು ಕಾದವನು

ನನ್ನ ಭಾವಮೈದ ಸಿನಿಮಾ ನೋಡುವವನಲ್ಲ, ಕಾಯುವವನು. ನೋಡುವುದು ಎರಡು ಗಂಟೆಯ ಕೆಲಸ, ಯಾರು ಬೇಕಾದರೂ ಮಾಡಿಯಾರು. ಎರಡು ವರ್ಷ ಕಾಯುವುದಕ್ಕೆ ಗುಂಡಿಗೆ ಬೇಕು. ಈ ಜಾತಿಯವರು ನಿಮ್ಮ ಮನೆಯಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಹೆಸರಾದ ನಿರ್ದೇಶಕರನ್ನು ಇವರು ಮೂಸಿಯೂ ನೋಡುವುದಿಲ್ಲ. ಒಂದೇ ಒಂದು ಸಿನಿಮಾ ಮಾಡಿದವನಾಗಿರಬೇಕು, ಅದನ್ನೂ ನಾವು ನೀವು ನೋಡಿರಬಾರದು.

ಇವನಿಗೆ ಸಿಕ್ಕವನು ರಯನ್ ಜಾನ್ಸನ್. 2007ರಲ್ಲಿ ಗಾಂಧಿನಗರದ ಫುಟ್‌ಪಾತಿನಿಂದ ಯಾವುದೋ ಕರಾಟೆ ಚಿತ್ರದ ಡಿವಿಡಿ ತಂದ. ಹಾಕಿದರೆ ಒಳಗಿದ್ದದ್ದು ‘ಬ್ರಿಕ್’. ಸುಮಾರು ನಾಲ್ಕೂವರೆ ಲಕ್ಷ ಡಾಲರಿನಲ್ಲಿ, ಅಂದರೆ ಹಾಲಿವುಡ್ಡಿನವರ ಕಾಫಿ-ಬಿಸ್ಕತ್ತಿನ ಖರ್ಚಿನಲ್ಲಿ, ತಾನು ಓದಿದ ಹೈಸ್ಕೂಲಿನಲ್ಲೇ ಚಿತ್ರೀಕರಿಸಿ, 2005ರ ಸನ್‌ಡಾನ್ಸ್ ಉತ್ಸವದಲ್ಲಿ ಜಾನ್ಸನ್ ಪ್ರಶಸ್ತಿ ಹೊಡೆದಿದ್ದ ಚಿತ್ರ ಅದು. ಅದರಲ್ಲಿ ಮೀಸೆ ಮೂಡದ ಹುಡುಗರು ಹಳೇ ಪತ್ತೇದಾರಿ ಕಾದಂಬರಿಯವರ ಹಾಗೆ ಮಾತಾಡುತ್ತಾರೆ. ನನಗೆ ಅರ್ಧ ತಿಳಿಯಲಿಲ್ಲ. “ತಿಳೀಬಾರದು ಭಾವ, ಅದೇ ಗಮ್ಮತ್ತು” ಅಂದ. ಕರಾಟೆ ಬದಲು ಇದು ಬಂದದ್ದಕ್ಕೆ ಜಗಳವಾಡಲಿಲ್ಲವೇ ಅಂದರೆ, ಹೋಗಿ ಕೈ ಮುಗಿದು ಬಂದೆ ಅಂದ.

ಆಮೇಲೆ ಸುದ್ದಿ ಬಂತು: ಜಾನ್ಸನ್ನನ ಮುಂದಿನ ಚಿತ್ರ ‘ದಿ ಬ್ರದರ್ಸ್ ಬ್ಲೂಮ್’. ಅಣ್ಣ ತಮ್ಮ ಇಬ್ಬರೂ ಮೋಸಗಾರರು; ಮಾರ್ಕ್ ರಫಲೋ ಅಣ್ಣ, ಏಡ್ರಿಯನ್ ಬ್ರೋಡಿ ತಮ್ಮ. ದುಡ್ಡಿರುವ ಒಂಟಿ ಹೆಣ್ಣು ರೇಚಲ್ ವೈಸ್ ಅವರ ಮಿಕ. ಅಣ್ಣ ಬರೀ ದುಡ್ಡು ಹೊಡೆಯುವವನಲ್ಲ, ರಷ್ಯನ್ ಕಾದಂಬರಿಕಾರರ ಹಾಗೆ ಕೂತು ಒಂದೊಂದು ಮೋಸವನ್ನೂ ಕಥೆಯಾಗಿ ಬರೆಯುತ್ತಾನೆ. ಇಷ್ಟು ಗೊತ್ತಾದದ್ದೇ ತಡ, ನಮ್ಮ ಮನೆಯ ಊಟದ ಹೊತ್ತು ಮೋಸದ ಸಿನಿಮಾಗಳ ತರಗತಿಯಾಯಿತು. ‘ದಿ ಸ್ಟಿಂಗ್’ 1973ರದ್ದು, ಏಳು ಆಸ್ಕರ್. ಅರ್ಜೆಂಟೀನಾದ ‘ನೈನ್ ಕ್ವೀನ್ಸ್’ 2000ದ್ದು. ಸಾರನ್ನ ಆರುತ್ತಿತ್ತು. “ಅಸಲಿ ಮೋಸದಲ್ಲಿ ಮಿಕವೇ ದುಡ್ಡು ಹಿಡ್ಕೊಂಡು ಹುಡುಕ್ಕೊಂಡು ಬರ್ತದೆ ಭಾವ.” ಅತ್ತೆ ಮಜ್ಜಿಗೆ ಬಡಿಸುತ್ತಾ, “ಅದಕ್ಕೆ ಅಮೆರಿಕಾ ಯಾಕೋ, ನಿನಗೆ ಸೈಟು ಮಾರಿದ ಬ್ರೋಕರ್ ಸಾಲದೆ?” ಅಂದರು. ತರಗತಿ ಅಲ್ಲಿಗೆ ಮುಗಿಯಿತು.

ನನಗೇನೋ ಈ ವಿಷಯದಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ ಅನ್ನಿಸುತ್ತದೆ. ತಲೆಗೆ ಟೋಪಿ, ಹಣೆಗೆ ನಾಮ, ಕಿವಿಗೆ ಹೂವು, ಕೈಗೆ ಚೊಂಬು. ಕನ್ನಡದಲ್ಲಿ ಮೋಸ ಹೋದವನಿಗೆ ಮದುಮಗನ ಅಲಂಕಾರವೇ ಇದೆ. ಟೋಪಿಯಲ್ಲೂ ತರತಮವುಂಟೆಂದು ತೋರಿಸಲು ಮಾಸ್ಟರ್ ಹಿರಣ್ಣಯ್ಯನವರ ‘ಮಕ್ಮಲ್ ಟೋಪಿ’ ನಾಟಕ ಬೇರೆ.

2008ರ ಸೆಪ್ಟೆಂಬರಿನಲ್ಲಿ ಟೊರಾಂಟೊ ಉತ್ಸವದಲ್ಲಿ ಜಾನ್ಸನ್ನನ ಚಿತ್ರ ತೋರಿಸಿದರು. ಬಿಡುಗಡೆ ಮಾತ್ರ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ. ನಮ್ಮವನಿಗೆ ಬೇಸರವೇ ಇಲ್ಲ. “ಮೋಸದ ಸಿನಿಮಾ ಅಲ್ವಾ, ತಾರೀಕಿನಲ್ಲೇ ಶುರು ಮಾಡಿದಾನೆ!” ಎಂದು ಹಿಗ್ಗಿದ.

ಆ ದಿನಗಳಲ್ಲೇ ಒಂದು ಸಂಜೆ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಒಬ್ಬ ಇಸ್ತ್ರಿ ಅಂಗಿಯ ಮನುಷ್ಯ ನಮ್ಮನ್ನು ತಡೆದ. ಪರ್ಸು ಹೊಡೆದಿದ್ದಾರೆ, ಹುಬ್ಬಳ್ಳಿಗೆ ಹೋಗಬೇಕು, ಊರಲ್ಲಿ ತಾಯಿಗೆ ಹುಷಾರಿಲ್ಲ, ಇನ್ನೂರು ರೂಪಾಯಿ ಕೊಟ್ಟರೆ ಮನಿಯಾರ್ಡರ್ ಮಾಡುತ್ತೇನೆ. ಎರಡು ವರ್ಷ ಮೋಸದ ಶಾಸ್ತ್ರ ಓದಿದವನು ಪಕ್ಕದಲ್ಲಿದ್ದಾನಲ್ಲ ಎಂದು ನಾನು ಸುಮ್ಮನಿದ್ದೆ. ಶಾಸ್ತ್ರಿ ಇನ್ನೂರು ತೆಗೆದು ಕೊಟ್ಟ, ವಿಳಾಸ ಬರೆದುಕೊಟ್ಟ, ಪಿನ್ ಕೋಡ್ ಸಮೇತ.

ಚಿತ್ರ 2009ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಯಿತು. ಹಾಕಿದ ದುಡ್ಡು ಹುಟ್ಟಲಿಲ್ಲ. ನಮ್ಮವನು ಅದನ್ನು ಹೇಗೋ ಸಂಪಾದಿಸಿ, ಬಾಗಿಲು ಹಾಕಿಕೊಂಡು ನೋಡಿದ. ಹೇಗಿತ್ತು ಅಂದದ್ದಕ್ಕೆ ಎರಡು ದಿನ ಮಾತಿಲ್ಲ. ಮೂರನೆಯ ದಿನ, “ಭಾವ, ಇವನು ಮುಂದೆ ಟೈಮ್ ಟ್ರಾವೆಲ್ ಮೇಲೆ ಒಂದು ಮಾಡ್ತಾನಂತೆ” ಅಂದ. ಮುಖ ಅರಳಿತ್ತು. (ಅದು ‘ಲೂಪರ್’, ಬರುವಷ್ಟರಲ್ಲಿ 2012. ‘ನೈವ್ಸ್ ಔಟ್’ ಬಂದು ಊರೆಲ್ಲ ಜಾನ್ಸನ್ ಎಂದಾಗ ಇವನು ಅವನನ್ನು ಕೈಬಿಟ್ಟ.)

ಆ 2009ರ ಮಳೆಗಾಲದಲ್ಲೇ ಮತ್ತೆ ಮೆಜೆಸ್ಟಿಕ್. ಅದೇ ಮನುಷ್ಯ, ಅದೇ ಇಸ್ತ್ರಿ. ನಮ್ಮ ಗುರುತು ಅವನಿಗೆ ಹತ್ತಲಿಲ್ಲ. ಈ ಸಲ ಊರು ಬೀದರ್, ಹುಷಾರಿಲ್ಲದ್ದು ತಂಗಿಗೆ, ಬೇಕಾದದ್ದು ನಾನೂರು. ನಾನು ಭಾವಮೈದನ ತೋಳು ಹಿಡಿದು ಎಳೆದೆ. ಅವನು ಕೊಸರಿಕೊಂಡು ಪೂರ್ತಿ ಕೇಳಿಸಿಕೊಂಡ, ಕಣ್ಣು ಮುಚ್ಚಿ ಸಂಗೀತ ಕೇಳುವವನ ಹಾಗೆ. ಆಮೇಲೆ ನಾಲ್ಕು ನೋಟು ಎಣಿಸಿ ಕೊಟ್ಟ.

“ಅವನೇ ಕಣೋ!” ಅಂದೆ.

“ಗೊತ್ತು ಭಾವ. ಆದರೆ ನೋಡಿದ್ರಾ, ತಾಯಿ ತೆಗೆದು ತಂಗಿ ಹಾಕಿದಾನೆ. ಸ್ಕ್ರೀನ್‌ಪ್ಲೇ ಎಷ್ಟು ಬಿಗಿಯಾಗಿದೆ!” ಅಂದವನೇ ತಿರುಗಿ, ಜನರ ನಡುವೆ ಕರಗುತ್ತಿದ್ದ ಆ ಇಸ್ತ್ರಿ ಅಂಗಿಯತ್ತ ಕೂಗಿದ: “ಸಾರ್, ಮುಂದಿನದು ಯಾವಾಗ?”