ಮಾನ್ಯ ಗೇರ್ ನಿಯಂತ್ರಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಎಲೆಕ್ಟ್ರಾನಿಕ್ ಕಂಟ್ರೋಲ್ ಯೂನಿಟ್ ಅವರು,
ಕರಿ ಪೆಟ್ಟಿಗೆ, ಸೀಟಿನ ಕೆಳಗೆ,
ನಾಲ್ಕು ಚಕ್ರದ ಎಟಿವಿ (ಎಲ್ಲ ಬಗೆಯ ನೆಲದಲ್ಲೂ ಓಡುವ ಗಾಡಿ),
ಸದ್ಯ ಮೊಕ್ಕಾಂ: ತರೀಕೆರೆ ತಾಲ್ಲೂಕಿನ ಒಂದು ಅಡಿಕೆ ತೋಟ.

ವಿಷಯ: ಎರಡನೇ ಗೇರಿನಿಂದ ಮೂರನೇ ಗೇರಿಗೆ ಬಡ್ತಿ ಕೋರಿ.
ಉಲ್ಲೇಖ: ತಮ್ಮ ಮೀಟರಿನಲ್ಲಿ ಮಿನುಗುತ್ತಿರುವ ಸಣ್ಣ ಗೆರೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ವಿನಂತಿಸಿಕೊಳ್ಳುವುದೇನೆಂದರೆ, ಎಡ ಹ್ಯಾಂಡಲ್ಲಿನ ಮೇಲ್ಬಾಣದ ಗುಂಡಿಯನ್ನು ನಾವು ಒತ್ತಿದ್ದೇವೆ. ಮೊದಲು ಮೆತ್ತಗೆ ಒತ್ತಿದೆವು, ಆಮೇಲೆ ಜೋರಾಗಿ ಒತ್ತಿದೆವು, ಕೊನೆಗೆ ದೇವರ ಹೆಸರು ಹೇಳಿ ಒತ್ತಿದೆವು. ತಾವು ಕದಲಲಿಲ್ಲ. ಗೇರಿನ ಅಂಕಿ ಇರಬೇಕಾದ ಜಾಗದಲ್ಲಿ ಒಂದು ಗೆರೆ ಮಿನುಗಿಸಿ ಸುಮ್ಮನಾದಿರಿ. ಅರ್ಜಿ ಸ್ವೀಕೃತವೋ ತಿರಸ್ಕೃತವೋ ಪರಿಶೀಲನೆಯಲ್ಲಿದೆಯೋ ಗೊತ್ತಾಗದ ಇಂಥ ಉತ್ತರ ನಮಗೇನೂ ಹೊಸದಲ್ಲ. ಆದರೆ ಅದನ್ನು ಪಡೆಯಲು ಇಷ್ಟು ದಿನ ಬಸ್ಸು ಹತ್ತಿ ಪೇಟೆಗೆ ಹೋಗಬೇಕಿತ್ತು. ಈಗ ತೋಟದಲ್ಲಿಯೇ ಸಿಗುತ್ತಿದೆ. ಇದನ್ನು ಪ್ರಗತಿ ಎಂದೇ ಭಾವಿಸಿದ್ದೇವೆ.

ನಾನು ಕಡೂರು, ತರೀಕೆರೆ, ಅಜ್ಜಂಪುರದ ಸುತ್ತ ಪಂಪು, ಟಿಲ್ಲರು, ಟ್ರಾಕ್ಟರು ಬಿಚ್ಚಿ ಕಟ್ಟುವವನು. ಗಾಡಿ ನಿಂತಲ್ಲಿ ಜನ ಸೇರುತ್ತಾರೆ, ಜನ ಸೇರಿದಲ್ಲಿ ತೀರ್ಪು ಹುಟ್ಟುತ್ತದೆ. ಈ ಸಲದ್ದು ಸರ್ವಾನುಮತದ ತೀರ್ಪು: "ಕಂಪ್ಯೂಟ್ರು ಹೋಗಿದೆ." ಮಾಲೀಕರು ಆಗಲೇ ಫೋನು ತೆಗೆದು ಹೊಸ ಪೆಟ್ಟಿಗೆಯ ಬೆಲೆ ಹುಡುಕುತ್ತಿದ್ದರು. ತಮ್ಮ ಪರವಾಗಿ ಒಂದು ಮಾತು ಆಡಿದವನು ನಾನೊಬ್ಬನೇ. ಈ ಪತ್ರವನ್ನು ತಾವು ದೂರು ಎಂದು ಓದಿಕೊಳ್ಳಬಹುದು. ಆದರೆ ದೂರು ತಮ್ಮ ಮೇಲೂ ಅಲ್ಲ, ತಮ್ಮನ್ನು ಹೆತ್ತ ಕಂಪನಿಯ ಮೇಲೂ ಅಲ್ಲ.

ತಮಗಿಂತ ಮೊದಲು ಗೇರ್ ಬದಲಿಸುವ ಹುದ್ದೆಯಲ್ಲಿ ಇದ್ದದ್ದು ಕಾಲಡಿಯ ಲಿವರ್. ಅದಕ್ಕೆ ಓದು ಬರಹ ಇರಲಿಲ್ಲ, ಒದ್ದರೆ ಕೇಳುತ್ತಿತ್ತು. 1998ರ ಸುಮಾರಿಗೆ ಹೋಂಡಾದವರು ಫೋರ್‌ಮನ್ ಇಎಸ್ ಎಂಬ ಎಟಿವಿಯಲ್ಲಿ ಆ ಲಿವರನ್ನು ತೆಗೆದು ಹೆಬ್ಬೆರಳಿಗೆ ಎರಡು ಗುಂಡಿ ಕೊಟ್ಟರು. ಕೆಸರಿನ ಬೂಟು ಹಾಕಿದ ರೈತನಿಗೆ ಅದು ನಿಜವಾದ ಉಪಕಾರ. ನಮ್ಮಲ್ಲಿ ಇಂಥ ಗಾಡಿಗಳು ತೋಟಕ್ಕೆ, ಕೆಮ್ಮಣ್ಣುಗುಂಡಿ ದಾರಿಯ ಮೋಜಿಗೆ ಮಾತ್ರ. ರಸ್ತೆಗಿಳಿಸಲು ಕಾನೂನಿನಲ್ಲಿ ಇವಕ್ಕೊಂದು ಜಾತಿಯೇ ಇರಲಿಲ್ಲ. 2019ರಲ್ಲಿ ಪೊಲಾರಿಸ್ ತನ್ನ ಒಂದು ಎಟಿವಿಯನ್ನು ಟ್ರಾಕ್ಟರ್ ಎಂದು ಮಾನ್ಯ ಮಾಡಿಸಿಯೇ ರಸ್ತೆಗೆ ಇಳಿಸಬೇಕಾಯಿತು. ಕಾಗದದಲ್ಲಿ ಟ್ರಾಕ್ಟರ್, ಕಣ್ಣಿಗೆ ಬೇರೇನೋ. ಇಂಥ ದಾಖಲೆ ನಿರ್ವಹಣೆಯಲ್ಲಿ ನಮ್ಮ ಇಲಾಖೆಗಳೂ ತಮ್ಮ ಕುಲವೂ ಸಮಾನರು.

ತಮ್ಮ ಕಚೇರಿಯ ಕಾರ್ಯವಿಧಾನವನ್ನು ಮಾಲೀಕರಿಗೆ ಅರ್ಥವಾಗಲೆಂದು ಇಲ್ಲಿ ದಾಖಲಿಸುತ್ತೇನೆ. ಗುಂಡಿ ಒತ್ತುವುದೆಂದರೆ ಗೇರ್ ಬದಲಿಸುವುದಲ್ಲ, ಅರ್ಜಿ ಹಾಕುವುದು. ಅರ್ಜಿ ಬಂದೊಡನೆ ತಾವು ಕೆಳಗಿನವರ ವರದಿ ತರಿಸಿಕೊಳ್ಳುತ್ತೀರಿ. ಗೇರ್ ಪೊಸಿಷನ್ ಸ್ವಿಚ್ಚು ಎಂಬ ಗ್ರಾಮಲೆಕ್ಕಿಗ ಈಗ ಯಾವ ಗೇರಿನಲ್ಲಿದ್ದೇವೆ ಎಂದು ಬರೆದುಕೊಡಬೇಕು. ಆಂಗಲ್ ಸೆನ್ಸರ್ ಎಂಬ ಸರ್ವೇಯರ್ ಶಿಫ್ಟ್ ಸ್ಪಿಂಡಲ್ ಎಷ್ಟು ಡಿಗ್ರಿ ತಿರುಗಿ ನಿಂತಿದೆ ಎಂದು ಅಳೆದು ಹೇಳಬೇಕು. ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂಬ ವರದಿಯೂ ಬರಬೇಕು. ಎಲ್ಲ ತಾಳೆಯಾದರೆ ಮಾತ್ರ ಶಿಫ್ಟ್ ಮೋಟರ್ ಎಂಬ ಅಟೆಂಡರನ್ನು ಎಬ್ಬಿಸುತ್ತೀರಿ. ಅವನು ಹಲ್ಲಿನ ಚಕ್ರಗಳ ಮೂಲಕ ಅದೇ ಸ್ಪಿಂಡಲನ್ನು ತಿರುಗಿಸುತ್ತಾನೆ. ಆ ತಿರುವಿನ ಮೊದಲ ಪಾಲಿನಲ್ಲಿ ಕ್ಲಚ್ ಬಿಡುತ್ತದೆ, ಮುಂದಿನ ಪಾಲಿನಲ್ಲಿ ಗೇರ್ ಬೀಳುತ್ತದೆ, ಆಮೇಲೆ ಸ್ಪಿಂಡಲ್ ಮೊದಲಿನ ಜಾಗಕ್ಕೆ ಮರಳುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಬೇಕು. ಲಂಚವಿಲ್ಲದೆ ಇಷ್ಟು ಬೇಗ ಕಡತ ಓಡುವ ಕಚೇರಿ ಈ ಭಾಗದಲ್ಲಿ ಇನ್ನೊಂದಿಲ್ಲ ಎಂದು ಹೇಳಿದರೆ ತಾವು ನಾಚಬಾರದು.

ವರದಿಗಳಲ್ಲಿ ಒಂದು ತಾಳೆಯಾಗದಿದ್ದರೂ ತಾವು ಗೆರೆ ಎಳೆದು ಕೂರುತ್ತೀರಿ. ಜನ ಅದನ್ನೇ "ಕಂಪ್ಯೂಟ್ರು ಹೋಗಿದೆ" ಎನ್ನುವುದು. ನಿಜವಾಗಿ ಕೆಟ್ಟಿರುವುದು ವರದಿ ಬರುವ ದಾರಿ. ಆ ದಾರಿಗೆ ನಮ್ಮ ಮೂರು ತಾಲ್ಲೂಕುಗಳು ಮೂರು ಬಗೆಯಲ್ಲಿ ಸೇವೆ ಸಲ್ಲಿಸುತ್ತಿವೆ.

ಕಡೂರಿನ ಕಡೆ ಬಯಲು ಸೀಮೆ. ರಾಗಿ ಹೊಲ, ತೆಂಗಿನ ತೋಟ, ಬೇಸಿಗೆ ಬಂತೆಂದರೆ ಧೂಳು. ಹಿಟ್ಟಿನಂಥ ಧೂಳು ಗುಂಡಿಯೊಳಗಿನ ಹಿತ್ತಾಳೆ ತುಟಿಗಳ ನಡುವೆ ಕೂರುತ್ತದೆ. ಒತ್ತಿದವನಿಗೆ ಟಿಕ್ ಎಂದು ಕೇಳುತ್ತದೆ, ತಮಗೆ ಅರ್ಜಿಯೇ ತಲುಪುವುದಿಲ್ಲ. ಗುಂಡಿ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ ಕೂರಿಸಿದರೆ ಅರ್ಧ ಗಂಟೆಯ ಕೆಲಸ.

ತರೀಕೆರೆಯಲ್ಲಿ ಭದ್ರೆಯ ನೀರು, ಅಡಿಕೆಯ ನೆರಳು, ಸದಾ ತೇವ. ತಾಮ್ರ ಇಲ್ಲಿ ಹಸಿರಾಗುತ್ತದೆ, ಕಬ್ಬಿಣ ಕೆಂಪಾಗುತ್ತದೆ. ಇದು ಸಾಲದೆಂದು ಮಾಲೀಕರು ಭಾನುವಾರ ಪ್ರೆಶರ್ ಪಂಪು ಹಿಡಿದು ಪ್ರೀತಿಯಿಂದ ಗಾಡಿ ತೊಳೆಯುತ್ತಾರೆ. ಅಷ್ಟು ಒತ್ತಡದ ನೀರು ಕನೆಕ್ಟರಿನ ರಬ್ಬರು ದಾಟಿ ಒಳಗೆ ಹೋಗಿ ಅಲ್ಲಿಯೇ ಸಂಸಾರ ಹೂಡುತ್ತದೆ. ಶೆಡ್ಡಿನ ಇಲಿಗಳ ಮಾತು ಬೇರೆ. ಒಣ ಅಡಿಕೆ ಮೂಟೆ ಪಕ್ಕದಲ್ಲಿದ್ದರೂ ಅವಕ್ಕೆ ಆಂಗಲ್ ಸೆನ್ಸರಿನ ವೈರೇ ರುಚಿ. ಸರ್ವೇಯರನ ನಾಲಗೆ ಕತ್ತರಿಸಿದ ಮೇಲೆ ತಾವಾದರೂ ಯಾವ ನಕ್ಷೆ ನಂಬಬೇಕು?

ಅಜ್ಜಂಪುರ, ಶಿವನಿ ಕಡೆಯ ಎರೆ ಭೂಮಿಯ ಕಥೆ ಮೂರನೆಯದು. ಈರುಳ್ಳಿಗೆ ಒಳ್ಳೆಯದಾದ ಆ ಕರಿ ಮಣ್ಣು ಮಳೆ ಬಿದ್ದರೆ ಚಕ್ರಕ್ಕೆ, ಎಂಜಿನ್ನಿಗೆ, ಮೋಟರಿನ ಮೈಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಗಾರೆಯಾಗುತ್ತದೆ. ಎಂಜಿನ್ನಿಗೂ ಫ್ರೇಮಿಗೂ ಬಿಗಿದ ಅರ್ತ್ ವೈರಿನ ಬೋಲ್ಟು ಆ ಗಾರೆಯ ಕೆಳಗೆ ಸದ್ದಿಲ್ಲದೆ ತುಕ್ಕು ಹಿಡಿಯುತ್ತದೆ. ಕೆಸರಿನಲ್ಲಿ ಹೂತ ಗಾಡಿಯನ್ನು ಹಿಂದೆ ಮುಂದೆ ಎಳೆದಾಡಲು ಒಂದರ ಮೇಲೊಂದು ಗೇರು ಬೇಡುವುದೂ ಇಲ್ಲಿಯೇ ಹೆಚ್ಚು. ಅಟೆಂಡರ್ ಬೆವರುವುದೂ ಇಲ್ಲಿಯೇ.

ಆದ್ದರಿಂದ ತನಿಖೆಯ ಕ್ರಮವನ್ನು ಕೆಳಗಿನಂತೆ ನಿಗದಿಪಡಿಸಲು ಕೋರುತ್ತೇನೆ. ಮೊದಲ ಆರೋಪಿ ಬ್ಯಾಟರಿ. ಹೆಡ್‌ಲೈಟ್ ಉರಿಯುತ್ತದೆ ಎಂಬುದು ಅದರ ಸಚ್ಚಾರಿತ್ರ್ಯಕ್ಕೆ ಪ್ರಮಾಣಪತ್ರವಲ್ಲ. ಎಂಜಿನ್ ನಿಂತು ಆರಿದ ಮೇಲೆ 12.6 ವೋಲ್ಟ್ ಇರಬೇಕು. ಸ್ಟಾರ್ಟರ್ ಒತ್ತಿದಾಗ 10ರ ಕೆಳಗೆ ಕುಸಿಯಬಾರದು. ಎಂಜಿನ್ ಓಡುವಾಗ 13.5ರಿಂದ 14.5ರ ನಡುವೆ ಏರಬೇಕು, ಏರದಿದ್ದರೆ ಚಾರ್ಜಿಂಗ್ ಕಡೆ ನೋಡಬೇಕು. ಶಿಫ್ಟ್ ಮೋಟರ್ ಒಂದೇ ಏಟಿಗೆ ದೊಡ್ಡ ಕರೆಂಟು ಕೇಳುತ್ತದೆ. ಹಸಿದ ಬ್ಯಾಟರಿ ಅದನ್ನು ಕೊಡಲಾರದೆ ಬಾಗಿದಾಗ ತಮ್ಮ ಮಿದುಳಿಗೂ ಕತ್ತಲೆ ಕವಿಯುತ್ತದೆ.

ಎರಡನೆಯವರು ಫ್ಯೂಸು ಮತ್ತು ಅರ್ತ್. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದು ಎಂಜಿನ್ನಿನ ಬರಿಮೈ ಮೇಲೆ ಇಟ್ಟು ಗುಂಡಿ ಒತ್ತಬೇಕು. ಅಲ್ಲಿ ಸೊನ್ನೆಗೆ ಹತ್ತಿರ ತೋರಿಸಬೇಕು. ಅರ್ಧ ವೋಲ್ಟ್ ಮೀರಿದರೆ ಕಳ್ಳ ಸಿಕ್ಕಿದ: ಬೋಲ್ಟು ಬಿಚ್ಚಿ, ಮರಳು ಕಾಗದದಲ್ಲಿ ಉಜ್ಜಿ, ಗ್ರೀಸು ಸವರಿ ಬಿಗಿಯುವುದು.

ಮೂರನೆಯದು ಕಿವಿ. ಗುಂಡಿ ಒತ್ತಿದಾಗ ಎಂಜಿನ್ ಪಕ್ಕದಲ್ಲಿ ಮೋಟರಿನ 'ಟಕ್' ಕೇಳಿದರೆ ಆದೇಶ ಹೊರಟಿದೆ, ಜಾರಿಯಾಗಿಲ್ಲ. ಆಗ ಕ್ಲಚ್ ಅಡ್ಜಸ್ಟ್‌ಮೆಂಟ್ ನೋಡಬೇಕು. ಆ ಸ್ಕ್ರೂ ತಡೆ ಸಿಗುವವರೆಗೆ ತಿರುಗಿಸಿ, ಪುಸ್ತಕ ಹೇಳಿದಷ್ಟು, ಸಾಮಾನ್ಯವಾಗಿ ಕಾಲು ಸುತ್ತು, ಹಿಂದೆ ಬಿಡಬೇಕಾದದ್ದು. ಹಾಕಿದ ಆಯಿಲ್ ಯಾವುದೆಂದೂ ವಿಚಾರಿಸಬೇಕು. ಕಾರಿಗೆ ಉಳಿದದ್ದನ್ನೇ ಇದಕ್ಕೂ ಸುರಿದಿದ್ದರೆ, ಎಣ್ಣೆಯಲ್ಲೇ ಮುಳುಗಿ ಕೆಲಸ ಮಾಡುವ ಕ್ಲಚ್ಚು ಜಾರುತ್ತದೆ. ಜೆಎಎಸ್‌ಒ ಎಂಎ ಎಂದು ಡಬ್ಬಿಯ ಮೇಲೆ ಬರೆದಿರುವ ಬೈಕಿನ ಆಯಿಲ್ಲೇ ಬೇಕು. ಸದ್ದೇ ಇಲ್ಲದಿದ್ದರೆ ದಾರಿ ಬೇರೆ: ಗುಂಡಿ, ವೈರು, ಮೋಟರು. ಮೋಟರನ್ನು ಬಿಚ್ಚಿ ನೇರವಾಗಿ 12 ವೋಲ್ಟ್ ಒಂದು ಕ್ಷಣ ತಾಗಿಸಿದರೆ ಅವನು ಸತ್ತಿದ್ದಾನೋ ರಜೆಯಲ್ಲಿದ್ದಾನೋ ತಿಳಿಯುತ್ತದೆ. ಅನೇಕ ಸಲ ಒಳಗಿನ ಬ್ರಷ್ಷು ಸವೆದಿರುತ್ತದೆ, ಅಷ್ಟೆ.

ನಾಲ್ಕನೆಯದು ಅತಿ ಮುಖ್ಯ. ತಮ್ಮನ್ನು ರೂಪಿಸಿದ ಎಂಜಿನಿಯರುಗಳು ತಮ್ಮ ಮೇಲೆ ಪೂರ್ತಿ ಭರವಸೆ ಇಡಲಿಲ್ಲ. ಎಂಜಿನ್ನಿನ ಹೊರಗೆ ಸ್ಪಿಂಡಲಿನ ತುದಿಯನ್ನು ಬಿಟ್ಟು, ಟೂಲ್ ಕಿಟ್ಟಿನಲ್ಲಿ ಅದಕ್ಕೆ ಕೂರುವ ಒಂದು ಉಪಕರಣ ಇಟ್ಟರು. ಗಾಡಿಯನ್ನು ತುಸು ಹಿಂದೆ ಮುಂದೆ ಅಲುಗಿಸುತ್ತ ಅದನ್ನು ಕೈಯಿಂದ ತಿರುಗಿಸಿದರೆ ಗೇರು ಬೀಳುತ್ತದೆ. ಬಿದ್ದರೆ ಗೇರ್ ಬಾಕ್ಸ್ ಆರೋಗ್ಯವಾಗಿದೆ, ರೋಗ ವಿದ್ಯುತ್ತಿನಲ್ಲಿದೆ. ಬೀಳದಿದ್ದರೆ ತಮ್ಮನ್ನು ಬೈಯುವುದು ವ್ಯರ್ಥ, ಎಂಜಿನ್ ಬಿಚ್ಚಬೇಕು. ಐದು ನಿಮಿಷದ ಈ ಪರೀಕ್ಷೆ ಮಾಡದೆ ಹೊಸ ಕರಿ ಪೆಟ್ಟಿಗೆ ತರಿಸುವವರು ಹೆಚ್ಚು, ಏಕೆಂದರೆ ಆ ಉಪಕರಣವನ್ನು ಯಾರೋ ಎರವಲು ಒಯ್ದಿರುತ್ತಾರೆ. ತಮ್ಮ ವಿಚಾರಣೆ ಪಟ್ಟಿಯ ಕೊನೆಗೆ. ಎಲ್ಲರೂ ನಿರಪರಾಧಿಗಳೆಂದು ಸಾಬೀತಾದ ಮೇಲೆ ಮಾತ್ರ.

ಇನ್ನು ತಮ್ಮ ಹಠದ ವಿಚಾರ. ಈ ನೆಲಕ್ಕೆ ಎಲ್ಲ ಬಗೆಯ ದಾರಿಯಲ್ಲೂ ನಡೆಯುವ ವಾಹನ ಹೊಸದಲ್ಲ. ಅಜ್ಜಂಪುರದಲ್ಲಿ ಅಮೃತ್ ಮಹಲ್ ರಾಸುಗಳ ತಳಿ ಸಂವರ್ಧನಾ ಕೇಂದ್ರ ಇಂದಿಗೂ ಇದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ರಾಸುಗಳ ಇಲಾಖೆಗೆ ಅಮೃತ್ ಮಹಲ್ ಎಂಬ ಹೆಸರು ಬಂದದ್ದು ಟಿಪ್ಪುವಿನಿಂದ. ಹೈದರಾಲಿಯ ಸೈನ್ಯ ಈ ಎತ್ತುಗಳ ಬಲದಿಂದ ಚಿದಂಬರಕ್ಕೆ 100 ಮೈಲಿಯನ್ನು ಎರಡೂವರೆ ದಿನದಲ್ಲಿ ಕ್ರಮಿಸಿತೆಂದು ಹಳೆಯ ದಾಖಲೆಗಳು ಹೇಳುತ್ತವೆ. ಟಿಪ್ಪು ಬಿದ್ದ ಮೇಲೆ ಆರ್ಥರ್ ವೆಲ್ಲೆಸ್ಲಿ ಕೂಡ ತನ್ನ ಫಿರಂಗಿಗಳನ್ನು ಎಳೆಸಿದ್ದು ಇವುಗಳಿಂದಲೇ. ಮೇವು ಹಾಕಿದರೆ ಸಾಕು, ಫ್ಯೂಸು ಹಾರುತ್ತಿರಲಿಲ್ಲ. ಆದರೆ ಆ ಎತ್ತೂ ಆಳ ತಿಳಿಯದ ಹಳ್ಳದೆದುರು ನಿಂತುಬಿಡುತ್ತದೆ. ಬಾರುಕೋಲು ಬೀಸಿದವನು ಬೈಯುತ್ತಾನೆ, ಅನುಭವಸ್ಥ ಇಳಿದು ಹೋಗಿ ನೀರಿನಲ್ಲಿ ಕೋಲು ಊರಿ ನೋಡುತ್ತಾನೆ.

ತಾವು ಮಾಡುವುದೂ ಅದನ್ನೇ. ಯಾವ ಗೇರಿನಲ್ಲಿದ್ದೇನೆಂದು ಖಾತ್ರಿಯಾಗದೆ ಮುಂದಿನದಕ್ಕೆ ಜಿಗಿದರೆ ಹಲ್ಲು ಮುರಿಯುತ್ತದೆ, ಇಳಿಜಾರಿನಲ್ಲಾದರೆ ಸವಾರನ ಸೊಂಟ ಮುರಿಯುತ್ತದೆ. ತಿಳಿಯದ್ದನ್ನು ತಿಳಿಯದೆಂದು ಮೀಟರಿನ ಮೇಲೆ ಎಲ್ಲರಿಗೂ ಕಾಣುವಂತೆ ಬರೆದು ಕೂರುವ ಅಧಿಕಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮಲ್ಲಿ ವರದಿಯೇ ಬರದೆ ಆದೇಶ ಹೊರಡುತ್ತದೆ, ಸ್ಥಳ ನೋಡದೆ ಮಹಜರು ಮುಗಿಯುತ್ತದೆ, ನೀರಿಲ್ಲದ ಕೊಳವೆಬಾವಿಗೆ ಬಿಲ್ಲು ಪಾಸಾಗುತ್ತದೆ. ತಮ್ಮಂಥವರನ್ನು ಸೀಟಿನ ಕೆಳಗೆ ಇಟ್ಟು, ಅಂಥವರನ್ನು ಸೀಟಿನ ಮೇಲೆ ಕೂರಿಸಿದ್ದೇವೆ.

ಆದರೂ ಒಂದು ಆಕ್ಷೇಪಣೆ. ತಮ್ಮ ಮೌನ ಪ್ರಾಮಾಣಿಕ, ಆದರೆ ತುಟಿ ಬಿಗಿದ ಪ್ರಾಮಾಣಿಕತೆ. ದೋಷ ಎಲ್ಲಿ ಎಂಬುದು ತಮ್ಮ ನೆನಪಿನಲ್ಲಿ ದಾಖಲಾಗಿರುತ್ತದೆ. ಸರಿಯಾದ ರೀತಿಯಲ್ಲಿ ಕೇಳಿದರೆ ಲೈಟು ಇಷ್ಟು ಸಲ ಮಿನುಗಿಸಿ ಹೇಳುತ್ತೀರಿ. ಆ ಮಿನುಗಿನ ಅರ್ಥ ಬರೆದ ಪುಸ್ತಕ ಮಾತ್ರ ತೋಟದವನ ಕೈಯಲ್ಲಿ ಇರುವುದಿಲ್ಲ, ಇದ್ದರೂ ಅವನ ಭಾಷೆಯಲ್ಲಿ ಇರುವುದಿಲ್ಲ. ಕಾರಣ ಕೊಡದ ನಿರಾಕರಣೆ ಎಷ್ಟೇ ಸರಿಯಾಗಿದ್ದರೂ ಜನ ಅದನ್ನು ಅಹಂಕಾರ ಎಂದೇ ಓದುತ್ತಾರೆ. ದೋಷದ ಪಟ್ಟಿಯನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಅಚ್ಚು ಮಾಡಿ ಸೀಟಿನ ತಳಕ್ಕೆ ಅಂಟಿಸಿದರೆ ತಮ್ಮ ಗೌರವವೂ ಮಾಲೀಕರ ದುಡ್ಡೂ ಉಳಿಯುತ್ತವೆ.

ಕೋರಿಕೆ ಪರಿಶೀಲಿಸಿ, ವರದಿಗಳು ಸರಿಯಾಗಿ ತಲುಪಿದ ಕೂಡಲೇ ಮೂರನೇ ಗೇರು ಮಂಜೂರು ಮಾಡಬೇಕಾಗಿ ವಿನಂತಿ.

ಇಂತಿ ತಮ್ಮ ವಿಧೇಯ,
ಸ್ಪ್ಯಾನರ್ ಹಿಡಿದವನು

ಪ್ರತಿಗಳು:
1. ಬ್ಯಾಟರಿಯವರಿಗೆ: ವಯೋನಿವೃತ್ತಿಯ ಬಗ್ಗೆ ಯೋಚಿಸಲು.
2. ಅರ್ತ್ ವೈರಿನವರಿಗೆ: ತುಕ್ಕು ತೆಗೆಸಿಕೊಂಡು ಕೂಡಲೇ ಕರ್ತವ್ಯಕ್ಕೆ ಹಾಜರಾಗಲು.
3. ಶೆಡ್ಡಿನ ಇಲಿಗಳಿಗೆ: ಅಡಿಕೆ ಮೂಟೆಯ ಕಡೆ ವರ್ಗಾವಣೆ ಆದೇಶ ಲಗತ್ತಿಸಿದೆ.
4. ಟೂಲ್ ಕಿಟ್ಟಿನ ಉಪಕರಣವನ್ನು ಎರವಲು ಒಯ್ದ ನೆರೆಯವರಿಗೆ: ಇದನ್ನೇ ಅಂತಿಮ ನೋಟಿಸ್ ಎಂದು ತಿಳಿಯಲು.
5. ಮಾಲೀಕರಿಗೆ: ಹೊಸ ಕರಿ ಪೆಟ್ಟಿಗೆಯ ಯೋಚನೆ ಬಿಟ್ಟು, ಉಳಿದ ದುಡ್ಡಿನಲ್ಲಿ ಒಂದು ಮಲ್ಟಿಮೀಟರ್ ಕೊಳ್ಳಲು.